ಹೊರಗೆ ಬರುವುದನ್ನು ಬಿಟ್ಟವರಿಂದ ಶುರು ಮಾಡಿ: ಹಿರಿಯರ ಜೊತೆಗೂಡಿ ಬಡಾವಣೆ ಸರಿಪಡಿಸುವ ದಾರಿ

ಮೈಸೂರಿಗೆ ನಿವೃತ್ತರ ಊರು ಎಂಬ ಹೆಸರಿದೆ. ಹಳಬರು ಸಿಐಟಿಬಿ ಎಂದೇ ಕರೆಯುವ ನಗರ ಸುಧಾರಣಾ ಮಂಡಳಿ ಇಲ್ಲಿ ಹುಟ್ಟಿದ್ದು 1903ರಲ್ಲಿ. ಅಗಲ ರಸ್ತೆ, ಸಾಲುಮರ, ಬಡಾವಣೆಗೊಂದು ಉದ್ಯಾನ, ಇವನ್ನೆಲ್ಲ ಕಂಡು ನೌಕರಿ ಮುಗಿಸಿದವರು ಇಲ್ಲಿ ಬಂದು ಮನೆ ಕಟ್ಟಿಕೊಂಡರು. ಅರವತ್ತರಲ್ಲಿ ಕುವೆಂಪುನಗರಕ್ಕೋ ಸರಸ್ವತಿಪುರಂಗೋ ಬಂದವರಿಗೆ ಈಗ ಎಂಬತ್ತು ದಾಟಿದೆ. ಮನೆ ಮುಂದಿನ ಮೆಟ್ಟಿಲು ಅಂದಿನಷ್ಟೇ ಎತ್ತರವಿದೆ, ಅವರ ಮಂಡಿ ಮಾತ್ರ ಅಂದಿನದಲ್ಲ. ಎದುರಿನ ರಸ್ತೆಯಲ್ಲಿ ವಾಹನಗಳು ಎಷ್ಟು ಪಟ್ಟು ಹೆಚ್ಚಿವೆ ಎಂಬುದನ್ನು ಲೆಕ್ಕ ಹಾಕಲು ಹೋಗುವುದೇ ಬೇಡ.

ಇಂಥ ಊರಿನಲ್ಲೂ ಹಿರಿಯರಿಗಾಗಿ ಮಾಡುವ ಕೆಲಸ ಬಹುತೇಕ ಅವರನ್ನು ಕೇಳದೆಯೇ ನಡೆಯುತ್ತದೆ. ಉದ್ಯಾನಗಳಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲುಬೆಂಚುಗಳನ್ನು ನೋಡಿ. ಎಷ್ಟೋ ಬೆಂಚಿಗೆ ಒರಗಲು ಬೆನ್ನಿಲ್ಲ, ಏಳುವಾಗ ಹಿಡಿಯಲು ಕೈಯಾಸರೆ ಇಲ್ಲ. ಕುಳಿತರೆ ಏಳಲಾಗದ ಬೆಂಚಿನ ಮೇಲೆ ಹಿರಿಯರು ಕೂರುವುದಿಲ್ಲ, ಕಾಲೇಜು ಹುಡುಗರು ಕೂರುತ್ತಾರೆ. ಹಾಕಿಸುವ ಮೊದಲು ಹತ್ತು ಜನ ಅಜ್ಜ ಅಜ್ಜಿಯರನ್ನು ಕೇಳಿದ್ದರೆ ಅದೇ ದುಡ್ಡಿನಲ್ಲಿ ಕೆಲಸಕ್ಕೆ ಬರುವ ಬೆಂಚು ಆಗುತ್ತಿತ್ತು.

ನಿಮ್ಮ ಬಡಾವಣೆಯಲ್ಲಿ ಹೀಗೆ ಕೇಳುವ ಕೆಲಸವನ್ನು ಕೈಗೆತ್ತಿಕೊಳ್ಳುವವರಿಗಾಗಿ ಈ ಬರಹ. ನಿವಾಸಿಗಳ ಸಂಘದವರು, ಎನ್‌ಎಸ್‌ಎಸ್ ಹುಡುಗರು, ನಿವೃತ್ತ ಶಿಕ್ಷಕರು, ಯಾರು ಬೇಕಾದರೂ ಮಾಡಬಹುದು. ಅನುದಾನಕ್ಕೆ ಕಾಯಬೇಕಾಗಿಲ್ಲ. ಅಳತೆ ಪಟ್ಟಿ, ನೋಟ್‌ಪುಸ್ತಕ, ಕ್ಯಾಮೆರಾ ಇರುವ ಮೊಬೈಲ್ ಇದ್ದರೆ ಸಾಕು.

ಮೊದಲು ಜಾಗ ಚಿಕ್ಕದು ಮಾಡಿಕೊಳ್ಳಿ

ಇಡೀ ಮೈಸೂರನ್ನು ವಯೋಸ್ನೇಹಿ, ಅಂದರೆ ಹಿರಿಯರು ಸಲೀಸಾಗಿ ಓಡಾಡಿ ಬಾಳುವಂಥ ಊರು, ಮಾಡುತ್ತೇವೆ ಎಂದು ಹೊರಟವರು ಫಲಕ ಬರೆಸುವುದರಲ್ಲೇ ಸುಸ್ತಾಗುತ್ತಾರೆ. ಪಾಲಿಕೆಯಲ್ಲಿ 65 ವಾರ್ಡ್‌ಗಳಿವೆ. ಒಂದು ವಾರ್ಡ್ ಕೂಡ ಆರಂಭಕ್ಕೆ ದೊಡ್ಡದೇ. ನಾಲ್ಕೈದು ಅಡ್ಡರಸ್ತೆ, ಒಂದು ಮುಖ್ಯರಸ್ತೆ, ಒಂದು ಬಸ್ ನಿಲ್ದಾಣ, ಔಷಧಿ ಅಂಗಡಿ, ಹಾಲಿನ ಬೂತ್, ದೇವಸ್ಥಾನ ಅಥವಾ ಮಸೀದಿ, ಉದ್ಯಾನ, ಇಷ್ಟು ಸೇರುವಂತೆ ಒಂದು ತುಂಡನ್ನು ಆರಿಸಿಕೊಳ್ಳಿ. ಎಂಬತ್ತು ದಾಟಿದವರ ನಿತ್ಯದ ಓಡಾಟ ಸಾಮಾನ್ಯವಾಗಿ ಇಷ್ಟರೊಳಗೇ ಮುಗಿಯುತ್ತದೆ.

ಯಾರನ್ನು ಕರೆಯಬೇಕು?

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಸಭೆ ಇದೆ ಎಂದು ಉದ್ಯಾನದ ಗೇಟಿಗೆ ಚೀಟಿ ಅಂಟಿಸಿದರೆ ಬರುವವರು ಬೆಳಿಗ್ಗೆ ಆರಕ್ಕೆ ಚುರುಕಾಗಿ ವಾಕಿಂಗ್ ಮಾಡುವ ಅರವತ್ತೈದರ ಗಂಡಸರು. ನಿವೃತ್ತ ಎಂಜಿನಿಯರ್, ನಿವೃತ್ತ ಬ್ಯಾಂಕ್ ಮ್ಯಾನೇಜರ್, ನಿವೃತ್ತ ಪ್ರಾಧ್ಯಾಪಕರು. ಅವರು ಬೇಕೇ ಬೇಕು. ಪತ್ರ ಬರೆಯಲು, ಕಚೇರಿ ಅಲೆಯಲು ಅವರಷ್ಟು ಪಳಗಿದವರು ಸಿಗುವುದಿಲ್ಲ. ಆದರೆ ಅವರೊಬ್ಬರನ್ನೇ ಕೇಳಿದರೆ ಉದ್ಯಾನಕ್ಕೆ ಜಿಮ್ ಉಪಕರಣ ಬೇಕು ಎನ್ನುತ್ತಾರೆ. ಅದೇ ಬೀದಿಯ ಮೂರನೆಯ ಮನೆಯಲ್ಲಿ, ಚರಂಡಿ ಚಪ್ಪಡಿ ಅಲ್ಲಾಡುತ್ತದೆ ಎಂಬ ಒಂದೇ ಕಾರಣಕ್ಕೆ ಉದ್ಯಾನದ ಮುಖ ನೋಡದೆ ವರ್ಷಗಳಾದ ಅಜ್ಜಿ ಇರುತ್ತಾರೆ. ಅವರು ಸಭೆಗೆ ಬರುವುದಿಲ್ಲ. ಏಕೆಂದರೆ ಸಭೆಗೂ ಅದೇ ಚಪ್ಪಡಿ ದಾಟಿ ಬರಬೇಕು.

ಆದ್ದರಿಂದ ಪಟ್ಟಿಯನ್ನು ತಲೆಕೆಳಗು ಮಾಡಿ. ಮೊದಲು ಹೊರಬರುವುದನ್ನೇ ಬಿಟ್ಟವರು, ಆಮೇಲೆ ಕಷ್ಟಪಟ್ಟು ಬರುವವರು, ಕೊನೆಗೆ ಆರಾಮಾಗಿ ಓಡಾಡುವವರು. ಮೊದಲ ಗುಂಪಿನವರ ವಿಳಾಸ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಹಾಲು ಹಾಕುವವರು, ಹೂವು ಕೊಡುವವರು, ಮನೆಗೆಲಸದವರು, ಔಷಧಿ ಅಂಗಡಿಯ ಹುಡುಗ, ಆಶಾ ಕಾರ್ಯಕರ್ತೆ, ಅಂಚೆಯವರು, ಇವರನ್ನು ಕೇಳಿ. ‘ಮೊದಲು ದಿನಾ ಕಾಣಿಸುತ್ತಿದ್ದು ಈಗ ಕಾಣದವರು ಯಾರು?’ ಎಂಬ ಒಂದೇ ಪ್ರಶ್ನೆಗೆ ಐದಾರು ಮನೆಗಳ ಹೆಸರು ಹೊರಬೀಳುತ್ತದೆ.

ಇನ್ನೂ ಮೂರು ಬಗೆಯವರು ಕೈತಪ್ಪಿ ಹೋಗುತ್ತಾರೆ. ಒಂದು, ಇಳಿವಯಸ್ಸಿನಲ್ಲೂ ದುಡಿಯುವವರು. ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಹೂವು, ವೀಳ್ಯದೆಲೆ, ಸೊಪ್ಪು ಮಾರುವ ಅಜ್ಜಿಯರಿಗೆ ಬೆಂಚಿಗಿಂತ ಮೊದಲು ಶೌಚಾಲಯ ಬೇಕು, ನೆರಳು ಬೇಕು. ಎರಡು, ಸಭೆಯ ಕನ್ನಡದಲ್ಲಿ ಮಾತನಾಡಲು ಹಿಂಜರಿಯುವವರು. ಉದಯಗಿರಿ, ರಾಜೀವ್‌ನಗರದ ಕಡೆ ಉರ್ದು ಆಡುವ ಹೆಣ್ಣುಮಕ್ಕಳ ಜೊತೆ ಕೂರುವುದಾದರೆ ಅವರ ಮಾತು ಬಲ್ಲ ಹೆಣ್ಣುಮಗಳೇ ಹೋಗಬೇಕು. ಮೂರು, ಹಾಸಿಗೆ ಹಿಡಿದವರು ಮತ್ತು ಮರೆವಿನ ಕಾಯಿಲೆಯವರು. ಅವರ ಪರವಾಗಿ ನೋಡಿಕೊಳ್ಳುವ ಸೊಸೆ, ಮಗಳು, ಗಂಡ ಅಥವಾ ಹೆಂಡತಿಯನ್ನು ಕೇಳಬೇಕು. ಗಂಡನನ್ನು ನೋಡಿಕೊಳ್ಳುವ ಎಪ್ಪತ್ತೆಂಟರ ಹೆಂಡತಿ ಸ್ವತಃ ಹಿರಿಯಳೇ ಎಂಬುದು ಎಷ್ಟೋ ಸಲ ಯಾರಿಗೂ ಹೊಳೆಯುವುದಿಲ್ಲ.

ಕೇಳುವ ಬಗೆ

‘ನಿಮಗೆ ಏನು ತೊಂದರೆ ಇದೆ ಅಮ್ಮ?’ ಎಂದು ಕೇಳಿದರೆ ಬರುವ ಉತ್ತರ ಗೊತ್ತೇ ಇದೆ. ‘ನಮ್ಮದೇನಪ್ಪ, ಮುಗಿಯಿತು. ನೀವು ಚೆನ್ನಾಗಿದ್ದರೆ ಸಾಕು.’ ಇದು ಸೌಜನ್ಯ, ಇದರಿಂದ ಏನೂ ತಿಳಿಯುವುದಿಲ್ಲ. ಮಕ್ಕಳನ್ನು ದೂರಿದಂತಾಗಬಾರದು, ಸರ್ಕಾರದವರ ಮುಂದೆ ಗೋಳು ಹೇಳಿಕೊಂಡಂತಾಗಬಾರದು ಎಂಬ ಸಂಕೋಚ ಅದರ ಹಿಂದಿರುತ್ತದೆ. ಸೊಸೆ ಪಕ್ಕದಲ್ಲೇ ಕಾಫಿ ಹಿಡಿದು ನಿಂತಿದ್ದರಂತೂ ಮಾತು ಮುಂದುವರಿಯುವುದೇ ಇಲ್ಲ.

ತೊಂದರೆ ಎಂಬ ಮಾತನ್ನೇ ಎತ್ತಬೇಡಿ. ನಡೆದದ್ದನ್ನು ಕೇಳಿ. ‘ನಿನ್ನೆ ಎಲ್ಲೆಲ್ಲಿಗೆ ಹೋಗಿದ್ದಿರಿ? ಯಾವ ದಾರಿಯಲ್ಲಿ? ಜೊತೆಗೆ ಯಾರಿದ್ದರು?’ ಅದಾದ ಮೇಲೆ, ‘ಮೊದಲು ಹೋಗುತ್ತಿದ್ದು ಈಗ ಬಿಟ್ಟಿರುವ ಜಾಗ ಯಾವುದು? ಬಿಟ್ಟಿದ್ದು ಯಾವಾಗಿನಿಂದ?’ ಇಡೀ ಕೆಲಸದ ತಿರುಳು ಇರುವುದು ಈ ಕೊನೆಯ ಪ್ರಶ್ನೆಯಲ್ಲಿ. ಶನಿವಾರದ ಆಂಜನೇಯನ ಗುಡಿ ಬಿಟ್ಟೆ ಎನ್ನುತ್ತಾರೆ. ಏಕೆ ಎಂದರೆ ಕಾಲು ನೋವು ಎನ್ನುತ್ತಾರೆ. ‘ಕಾಲು ನೋವಿದ್ದರೂ ತರಕಾರಿಗೆ ಹೋಗುತ್ತೀರಲ್ಲ?’ ಎಂದು ಮೆಲ್ಲಗೆ ಕೇಳಿದಾಗ ಬರುತ್ತದೆ ನಿಜವಾದ ಕಾರಣ: ಆ ತಿರುವಿನಲ್ಲಿ ಸಂಜೆ ದೀಪ ಉರಿಯುವುದಿಲ್ಲ, ಬೀದಿನಾಯಿ ಗುಂಪು ಇರುತ್ತದೆ, ಅಥವಾ ಅಲ್ಲಿ ಒಮ್ಮೆ ಬಿದ್ದಿದ್ದನ್ನು ಮನೆಯಲ್ಲಿ ಹೇಳಿಲ್ಲ.

ಹೆಂಗಸರ ಬಳಿ ಹೆಂಗಸರೇ ಕೇಳಬೇಕಾದ ಒಂದು ವಿಷಯವಿದೆ. ಹೊರಗೆ ಹೊರಟ ದಿನ ಎಷ್ಟು ನೀರು ಕುಡಿಯುತ್ತೀರಿ? ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಬೆಳಿಗ್ಗೆಯಿಂದ ನೀರು ಬಿಟ್ಟು ಬ್ಯಾಂಕಿಗೋ ಆಸ್ಪತ್ರೆಗೋ ಹೋಗುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಮಧುಮೇಹ, ರಕ್ತದೊತ್ತಡದ ಮಾತ್ರೆ ತಿನ್ನುವವರಿಗೆ ಇದು ಸಣ್ಣ ಮಾತಲ್ಲ.

ಸಭೆ ಮಾಡುವುದಾದರೆ

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ವಯೋಸ್ನೇಹಿ ನಗರಗಳ ಕೈಪಿಡಿ ಹೊರತಂದಿತು. ಅದಕ್ಕಾಗಿ 33 ನಗರಗಳಲ್ಲಿ ಅರವತ್ತು ದಾಟಿದವರನ್ನು ಸಣ್ಣ ಸಣ್ಣ ಗುಂಪುಗಳಲ್ಲಿ ಕೂರಿಸಿ ಕೇಳಿದ್ದರು. ನಮ್ಮ ದೇಶದಿಂದ ದೆಹಲಿ ಮತ್ತು ಉದಯಪುರ ಅದರಲ್ಲಿದ್ದವು. ಆ ಕೈಪಿಡಿ ಎಂಟು ವಿಷಯಗಳನ್ನು ಪಟ್ಟಿ ಮಾಡುತ್ತದೆ: ಹೊರಾಂಗಣ ಮತ್ತು ಕಟ್ಟಡ, ಸಾರಿಗೆ, ವಸತಿ, ಜನರೊಡನೆ ಬೆರೆಯುವುದು, ಗೌರವ, ಊರ ಕೆಲಸದಲ್ಲಿ ಪಾಲು ಮತ್ತು ದುಡಿಮೆ, ಮಾಹಿತಿ, ಆರೋಗ್ಯ ಸೇವೆ. ಸಭೆ ಎಂದರೆ ಮಾತು ರಸ್ತೆಗುಂಡಿಗೇ ಅಂಟಿಕೊಳ್ಳುವುದರಿಂದ, ಬಿಟ್ಟುಹೋದದ್ದನ್ನು ನೆನಪಿಸಿಕೊಳ್ಳಲು ಈ ಪಟ್ಟಿ ಜೇಬಿನಲ್ಲಿರಲಿ. ಹಿರಿಯರ ಮುಂದೆ ಓದಿ ಹೇಳಬೇಡಿ, ನಿದ್ದೆ ಹೋಗುತ್ತಾರೆ.

ಗುಂಪು ಎಂಟು ಹತ್ತು ಜನಕ್ಕಿಂತ ದೊಡ್ಡದಾಗದಿರಲಿ. ಹೆಂಗಸರದು ಬೇರೆ ಗುಂಪು ಇದ್ದರೆ ಒಳ್ಳೆಯದು. ಗಂಡಂದಿರು ಎದುರಿಗಿದ್ದರೆ ‘ಅವರೇ ಹೇಳುತ್ತಾರೆ’ ಎಂದು ಸುಮ್ಮನಾಗುವವರು ಆ ತಲೆಮಾರಿನಲ್ಲಿ ಬಹಳ. ಸ್ಥಳ ನೆಲಮಹಡಿಯಲ್ಲಿರಬೇಕು, ಕಮೋಡ್ ಇರುವ ಶೌಚಾಲಯ ಹತ್ತಿರವಿರಬೇಕು. ಭಜನೆ ಮಂದಿರದ ಮೊದಲ ಮಹಡಿಯಲ್ಲಿ ಹಿರಿಯರ ಸಭೆ ಇಡುವ ಸಂಘಗಳನ್ನು ಕಂಡರೆ ನನಗೆ ಸಿಟ್ಟೂ ನಗೆಯೂ ಒಟ್ಟಿಗೆ ಬರುತ್ತವೆ. ಕೈಯಿರುವ ಕುರ್ಚಿ ಹಾಕಿ, ವೃತ್ತಾಕಾರವಾಗಿ ಕೂರಿಸಿ, ಫ್ಯಾನಿನ ಸದ್ದು ಕಡಿಮೆ ಮಾಡಿ. ಕಿವಿ ಮಂದವಾದವರಿಗೆ ಮಾತನಾಡುವವರ ತುಟಿ ಕಾಣಬೇಕು. ಚೀಟಿಯಲ್ಲಿ ಅಕ್ಷರ ದಪ್ಪಗಿರಲಿ. ಸಕ್ಕರೆ ಹಾಕದ ಕಾಫಿಯೂ ಇರಲಿ.

ಸಮಯ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡು, ತಿಂಡಿ ಮಾತ್ರೆ ಮುಗಿದಿರುತ್ತದೆ. ಶುರು ಮಾಡುವ ಗಳಿಗೆ ರಾಹುಕಾಲಕ್ಕೆ ಬೀಳದಂತೆ ನೋಡಿಕೊಳ್ಳಿ. ನಿಮಗೆ ನಂಬಿಕೆ ಇರಬೇಕಾಗಿಲ್ಲ, ಬರುವವರಿಗಿದೆ. ಶುಕ್ರವಾರ ಹತ್ತೂವರೆಗೆ ಸಭೆ ಇಟ್ಟು, ಒಳ್ಳೆಯ ಕೆಲಸಕ್ಕೆ ಯಾರೂ ಬರಲಿಲ್ಲ ಎಂದು ಗೊಣಗಿ ಪ್ರಯೋಜನವಿಲ್ಲ.

ನಡೆದು ನೋಡಿ, ಅಳೆದು ಬರೆಯಿರಿ

ಕೇಳಿದ ಮೇಲೆ ಅದೇ ದಾರಿಯಲ್ಲಿ ಅವರ ಜೊತೆ ನಡೆಯಬೇಕು. ಮೂವರು ಹಿರಿಯರಿಗೆ ಇಬ್ಬರು ಕಿರಿಯರು, ಅರ್ಧ ಗಂಟೆಗಿಂತ ಹೆಚ್ಚು ಬೇಡ. ಮಂಡಿನೋವಿನವರೊಬ್ಬರು, ದೃಷ್ಟಿ ಮಂದವಾದವರೊಬ್ಬರು, ವಾಕರ್ ಅಥವಾ ಕೋಲು ಹಿಡಿದವರೊಬ್ಬರು ಇದ್ದರೆ ಒಂದೇ ರಸ್ತೆ ಮೂರು ಬಗೆಯಾಗಿ ಕಾಣುತ್ತದೆ. ಒಮ್ಮೆ ಬೆಳಿಗ್ಗೆ, ಇನ್ನೊಮ್ಮೆ ದೀಪ ಹಚ್ಚುವ ಹೊತ್ತಿಗೆ ನಡೆಯಿರಿ. ಅವರು ನಿಂತಲ್ಲಿ ನೀವೂ ನಿಲ್ಲಿ, ಏಕೆ ನಿಂತರು ಎಂದು ಬರೆಯಿರಿ. ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿದ ಕಡೆಯಲ್ಲೆಲ್ಲ ಒಂದು ಫೋಟೊ ತೆಗೆಯಿರಿ. ಅಳತೆ ಪಟ್ಟಿ ಮತ್ತು ನೋಟ್‌ಪುಸ್ತಕ ಹಿರಿಯರ ಕೈಯಲ್ಲೇ ಇರಲಿ. ನಿವೃತ್ತ ಓವರ್‌ಸಿಯರ್ ಒಬ್ಬರು ಸಿಕ್ಕಿದರೆ ನಿಮ್ಮ ಅದೃಷ್ಟ.

ಅಳತೆ ಏಕೆಂದರೆ, ‘ಫುಟ್‌ಪಾತ್ ಸರಿಯಿಲ್ಲ’ ಎಂಬ ದೂರಿಗೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಸಿದ್ಧವಿರುತ್ತದೆ. ಅಂಕಿಗೆ ಹಾಗೆ ಉತ್ತರ ಕೊಡಲಾಗುವುದಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಪ್ರಕಟಿಸಿದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯ ಪ್ರಕಾರ, ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲವಿರಬೇಕು, ಅಂಚುಕಲ್ಲು 15 ಸೆಂಟಿಮೀಟರಿಗಿಂತ ಎತ್ತರವಿರಬಾರದು. ಇಳಿಜಾರು ಕಟ್ಟುವಾಗ ಒಂದಕ್ಕೆ ಹನ್ನೆರಡು ಲೆಕ್ಕ: 15 ಸೆಂಟಿಮೀಟರ್ ಮೆಟ್ಟಿಲಿಗೆ 1.8 ಮೀಟರ್ ಉದ್ದದ ಇಳಿಜಾರು. ಬ್ಯಾಂಕ್, ಕಚೇರಿಗಳ ಮುಂದೆ ಲೆಕ್ಕಕ್ಕೆಂದು ಸುರಿದ ಕಡಿದಾದ ಕಾಂಕ್ರೀಟ್ ಜಾರುಬಂಡೆಗಳನ್ನು ಈ ಲೆಕ್ಕ ಹಿಡಿದು ಪ್ರಶ್ನಿಸಬಹುದು. ಅಂಥ ಇಳಿಜಾರಿನಲ್ಲಿ ಗಾಲಿಕುರ್ಚಿ ಇಳಿಯುವುದು ಕಂಡರೆ ಎದೆ ಝಲ್ಲೆನ್ನುತ್ತದೆ.

ರಸ್ತೆ ದಾಟುವ ಜಾಗದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಪಾದಚಾರಿ ಸಿಗ್ನಲ್‌ಗಳಿಗೆ ಸಮಯ ನಿಗದಿ ಮಾಡುವಾಗ ಸಾಮಾನ್ಯವಾಗಿ ಹಿಡಿಯುವ ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್. 14 ಮೀಟರ್ ಅಗಲದ ರಸ್ತೆಗೆ ಸುಮಾರು 12 ಸೆಕೆಂಡ್ ಎಂದಾಯಿತು. ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜಿಗೆ ಅದೇ ರಸ್ತೆ ದಾಟಲು ಹದಿನೇಳೂವರೆ ಸೆಕೆಂಡ್ ಬೇಕು. ಕೊನೆಯ ನಾಲ್ಕು ಮೀಟರ್ ಉಳಿದಿರುವಾಗಲೇ ಬೈಕುಗಳು ನುಗ್ಗಿಬಿಡುತ್ತವೆ. ನಿಮ್ಮ ವೃತ್ತದಲ್ಲಿ ಹಸಿರು ದೀಪ ಎಷ್ಟು ಸೆಕೆಂಡ್ ಇರುತ್ತದೆ, ಹಿರಿಯರಿಗೆ ಎಷ್ಟು ಬೇಕಾಯಿತು ಎಂಬ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು ಸಂಚಾರ ಪೊಲೀಸರಿಗೆ ಕೊಡಿ. ಕಾಸು ಖರ್ಚಿಲ್ಲದೆ ಬದಲಾಯಿಸಬಹುದಾದ ಸಂಗತಿ ಇದು.

ಯಾವುದು ಯಾರ ಕೆಲಸ

ಬರೆದುಕೊಂಡದ್ದನ್ನು ಹಂಚಿ. ಫುಟ್‌ಪಾತ್, ಚರಂಡಿ ಚಪ್ಪಡಿ, ಬೀದಿದೀಪ, ಉದ್ಯಾನ, ಶೌಚಾಲಯ ಪಾಲಿಕೆಯದು. ಫುಟ್‌ಪಾತಿನ ನಡುವೆ ನಿಂತ ಟ್ರಾನ್ಸ್‌ಫಾರ್ಮರ್ ವಿದ್ಯುತ್ ಕಂಪನಿ ಸೆಸ್ಕ್‌ನದು. ದಾಟುಪಟ್ಟಿಯ ಬಳಿ ವಾಹನ ನಿಲ್ಲಿಸುವವರ ವಿಷಯ ಸಂಚಾರ ಪೊಲೀಸರದು. ನಗರ ಬಸ್ಸುಗಳು ಕೆಎಸ್‌ಆರ್‌ಟಿಸಿಯವು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಟಿಕೆಟ್ಟಿನ ಚಿಂತೆ ಹೆಂಗಸರಿಗೆ ತಪ್ಪಿದೆ. ಮೊದಲ ಮೆಟ್ಟಿಲಿನ ಎತ್ತರ, ನಿಲ್ದಾಣದಿಂದ ಮುಂದೆ ಹೋಗಿ ನಿಲ್ಲುವ ಬಸ್ಸಿನ ಹಿಂದೆ ಓಡುವುದು, ಇವು ತಪ್ಪಿಲ್ಲ. ಈ ವಿಷಯಕ್ಕೆ ಪತ್ರ ಬರೆಯುವ ಮೊದಲು ಡಿಪೋದಿಂದ ಒಬ್ಬ ಚಾಲಕ, ಒಬ್ಬ ನಿರ್ವಾಹಕಿಯನ್ನು ಸಭೆಗೆ ಕಳಿಸಿಕೊಡಲು ಕೇಳಿ. ಆಟೊ, ಕಾರು ನಿಲ್ದಾಣದ ಜಾಗದಲ್ಲೇ ನಿಂತಿರುವಾಗ ಬಸ್ಸನ್ನು ಎಲ್ಲಿ ನಿಲ್ಲಿಸಲಿ ಎಂಬ ಅವರ ಮಾತೂ ಹಿರಿಯರಿಗೆ ತಿಳಿಯಬೇಕು. ಮುಖಾಮುಖಿಯಲ್ಲಿ ಬಗೆಹರಿಯುವಷ್ಟು ಪತ್ರದಲ್ಲಿ ಬಗೆಹರಿಯುವುದಿಲ್ಲ.

ಪಿಂಚಣಿ, ಗುರುತಿನ ಚೀಟಿ, ಮನೆಯೊಳಗಿನ ಕಿರುಕುಳದಂಥ ವಿಷಯಗಳು ನಡುವೆ ಬಂದೇ ಬರುತ್ತವೆ. ಅವನ್ನು ಸಭೆಯಲ್ಲಿ ಚರ್ಚೆಗೆ ಇಡಬೇಡಿ. 14567 ಹಿರಿಯರ ಸಹಾಯವಾಣಿ. ಮಕ್ಕಳಿಂದ ಜೀವನಾಂಶ ಬೇಕಾದವರಿಗೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ಕಲ್ಯಾಣ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕುವ ದಾರಿಯಿದೆ. ಅಂಥವರಿಗೆ ಪ್ರತ್ಯೇಕವಾಗಿ, ಗುಟ್ಟಾಗಿ ತಿಳಿಸಿ.

ಒಂದು ಸಣ್ಣ ಕೆಲಸ ಮೊದಲು

ಪಟ್ಟಿಯಲ್ಲಿ ನಲವತ್ತು ಅಂಶಗಳಿರುತ್ತವೆ. ಯಾವುದು ಮೊದಲು ಎಂಬುದನ್ನು ಹಿರಿಯರೇ ತೀರ್ಮಾನಿಸಲಿ. ಪ್ರತಿಯೊಬ್ಬರಿಗೂ ಐದೈದು ಹುಣಸೆಬೀಜ ಕೊಡಿ, ಗೋಡೆಯ ಬದಿಯಲ್ಲಿ ಸಮಸ್ಯೆಗೊಂದರಂತೆ ಡಬ್ಬಿ ಇಡಿ, ತಮಗೆ ಬೇಕಾದಲ್ಲಿ ಹಾಕಲಿ. ಓದು ಬಾರದವರಿಗಾಗಿ ಡಬ್ಬಿಯ ಮೇಲೆ ಫೋಟೊ ಅಂಟಿಸಿರಿ. ಜೋರು ಗಂಟಲಿನವರಿಗೂ ಐದೇ ಬೀಜ.

ಗೆದ್ದವುಗಳಲ್ಲಿ ಬೇಗ ಆಗುವಂಥದ್ದನ್ನು ಮೊದಲು ಹಿಡಿಯಿರಿ. ಸಾಮಾನ್ಯವಾಗಿ ಅದು ಅಲ್ಲಾಡುವ ಚಪ್ಪಡಿ, ಕೆಟ್ಟ ದೀಪ, ಇಲ್ಲವೇ ಔಷಧಿ ಅಂಗಡಿಯ ಮೆಟ್ಟಿಲಿಗೆ ಒಂದು ಕೈಹಿಡಿ. ಅಂಗಡಿಯವರನ್ನು ಅವರ ಹಳೆಯ ಗಿರಾಕಿಯೇ ಹೋಗಿ ಕೇಳಿದರೆ ಇಲ್ಲ ಎನ್ನುವುದು ಕಷ್ಟ. ಅಂಗಡಿ ಮುಂದೆ ಒಂದು ಕುರ್ಚಿ ಹಾಕಿಸುವುದೂ ಹೀಗೆಯೇ ಆಗುತ್ತದೆ. ಒಂದು ಕೆಲಸ ಕಣ್ಣೆದುರು ಆದರೆ ‘ಇವೆಲ್ಲ ಆಗುವ ಮಾತಲ್ಲ’ ಎಂದು ಮೊದಲ ಸಭೆಯಲ್ಲಿ ಎದ್ದು ಹೋದವರು ಎರಡನೆಯದಕ್ಕೆ ಬರುತ್ತಾರೆ.

ಮನವಿ ಕೊಡುವುದು, ಬೆನ್ನು ಬೀಳುವುದು

ಒಂದು ಮನವಿಗೆ ಒಂದೇ ವಿಷಯ. ಹದಿನೆಂಟು ಬೇಡಿಕೆಗಳ ಮನವಿ ಪತ್ರ ಪತ್ರಿಕೆಯ ಫೋಟೊಕ್ಕೆ ಚೆಂದ, ಕಡತದಲ್ಲಿ ಅದು ಯಾವ ಮೇಜಿಗೂ ಸೇರುವುದಿಲ್ಲ. ವಿಷಯದ ಸಾಲು ಹೀಗಿರಲಿ: ‘ಇಂಥ ಅಡ್ಡರಸ್ತೆಯ ಇಂಥ ಅಂಗಡಿಯಿಂದ ಬಸ್ ನಿಲ್ದಾಣದವರೆಗಿನ ಫುಟ್‌ಪಾತಿನಲ್ಲಿ ಮುರಿದಿರುವ ನಾಲ್ಕು ಚಪ್ಪಡಿಗಳನ್ನು ಬದಲಿಸುವ ಕುರಿತು.’ ಕೆಳಗೆ ಅಳತೆ, ಫೋಟೊ, ಆ ದಾರಿಯಲ್ಲಿ ಓಡಾಡುವ ಹಿರಿಯರ ವಯಸ್ಸು ಸಹಿತ ಸಹಿ ಅಥವಾ ಹೆಬ್ಬೆಟ್ಟು. ಪಾಲಿಕೆಯ ವಲಯ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ. ಒಂದು ಪ್ರತಿ ನಿಮ್ಮ ವಾರ್ಡಿನ ಎಂಜಿನಿಯರ್‌ಗೆ ಹೋಗಲಿ. ಉತ್ತರವಿಲ್ಲದಿದ್ದರೆ ರಾಜ್ಯದ ಕುಂದುಕೊರತೆ ಸಹಾಯವಾಣಿ 1902 ಇದೆ. ಅದರ ಮೇಲೆ ಮಾಹಿತಿ ಹಕ್ಕು ಅರ್ಜಿ ಇದೆ: ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ‘ನಮ್ಮ ಇಂಥ ದಿನಾಂಕದ ಮನವಿಯ ಮೇಲೆ ಕೈಗೊಂಡ ಕ್ರಮದ ಪ್ರತಿ ಕೊಡಿ’ ಎಂಬ ಒಂದು ಸಾಲು ಸಾಕು. ನಿವೃತ್ತ ಗುಮಾಸ್ತರಿಗೆ ಈ ಕೆಲಸ ಒಪ್ಪಿಸಿ ನೋಡಿ, ಹತ್ತು ವರ್ಷ ಚಿಕ್ಕವರಾಗುತ್ತಾರೆ.

ದುಡ್ಡಿಲ್ಲ ಎಂಬ ಮಾತು ಬರುತ್ತದೆ. ನಗರ ಸ್ಥಳೀಯ ಸಂಸ್ಥೆಗಳು ಶೇ 5ರಷ್ಟು ಹಣವನ್ನು ಅಂಗವಿಕಲರ ಕಲ್ಯಾಣಕ್ಕೆ ಮೀಸಲಿಡುತ್ತವೆ. ಉದ್ಯಾನದ ಗೇಟಿಗೆ ಇಳಿಜಾರು, ಶೌಚಾಲಯಕ್ಕೆ ಕೈಹಿಡಿ ಹಾಕಿಸಲು ಅದರಲ್ಲಿ ಅವಕಾಶವಿದೆಯೇ ಎಂದು ಬರೆದು ಕೇಳಿ. ಇನ್ನು ಕಾಲ ನೋಡಿ ಕೇಳುವುದೂ ಒಂದು ಕಲೆ. ಆರ್ಥಿಕ ವರ್ಷ ಏಪ್ರಿಲ್‌ಗೆ ಶುರುವಾಗುವುದರಿಂದ ಡಿಸೆಂಬರ್ ಜನವರಿಯಲ್ಲಿ ಬಜೆಟ್ ಸಲಹೆ ಕೊಡಬೇಕು, ಮಾರ್ಚ್ ಕೊನೆಗಲ್ಲ. ದಸರಾಕ್ಕೆ ಮುಂಚೆ ಮೈಸೂರಿನ ರಸ್ತೆಗಳಿಗೆ ಡಾಂಬರು, ಬಣ್ಣ ಬರುವುದು ಎಲ್ಲರಿಗೂ ಗೊತ್ತು. ದಾಟುಪಟ್ಟಿಯ ಬಣ್ಣ, ದೀಪದಂಥ ಬೇಡಿಕೆಗಳು ಆಷಾಢದಲ್ಲೇ ಕಚೇರಿ ಸೇರಿದ್ದರೆ ಆ ಪಟ್ಟಿಯಲ್ಲಿ ತೂರಿಕೊಳ್ಳುವ ಸಾಧ್ಯತೆ ಹೆಚ್ಚು.

1976ರ ಕರ್ನಾಟಕ ಪೌರನಿಗಮಗಳ ಅಧಿನಿಯಮದಲ್ಲಿ ವಾರ್ಡ್ ಸಮಿತಿಗೆ ಅವಕಾಶವಿದೆ. ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘಗಳಿಗೆ ಅದರಲ್ಲಿ ಜಾಗವಿದೆ, ಹಿರಿಯರಿಗೆಂದು ಬೇರೆ ಜಾಗವಿಲ್ಲ. ಸಮಿತಿ ರಚನೆಯಾಗುವ ಹೊತ್ತಿಗೆ ಸಂಘದ ಪ್ರತಿನಿಧಿಯಾಗಿ ಎಪ್ಪತ್ತು ದಾಟಿದ ಹೆಣ್ಣುಮಗಳೊಬ್ಬರ ಹೆಸರನ್ನು ಕಳಿಸಿದರೆ ಈ ಕೊರತೆ ತುಂಬುತ್ತದೆ.

ಹಿರಿಯರನ್ನು ವೇದಿಕೆಗೆ ಮಾತ್ರ ಕರೆಯಬೇಡಿ

ಅಕ್ಟೋಬರ್ 1ರಂದು, ಅಂದರೆ ಹಿರಿಯರ ದಿನದಂದು, ಶಾಲು ಹೊದಿಸಿ ಹಾರ ಹಾಕಿ ಎರಡು ಗಂಟೆ ಭಾಷಣ ಕೇಳಿಸಿ ಕಳಿಸುವ ಪದ್ಧತಿ ನಮ್ಮಲ್ಲಿದೆ. ಅಂದು ಬೇಕಾದರೆ ಶಾಲು ಹೊದಿಸಿ, ಉಳಿದ ದಿನಗಳಿಗೆ ಜವಾಬ್ದಾರಿ ಕೊಡಿ. ಒಬ್ಬರು ದೀಪಗಳ ಲೆಕ್ಕ, ಒಬ್ಬರು ಪತ್ರವ್ಯವಹಾರ, ಒಬ್ಬರು ಮನೆ ಬಿಟ್ಟು ಬರಲಾಗದವರಿಗೆ ವಾರಕ್ಕೊಮ್ಮೆ ಫೋನ್. ವಾಟ್ಸ್‌ಆ್ಯಪ್ ಗುಂಪು ಇರಲಿ, ಆದರೆ ಸಭೆಯ ಸುದ್ದಿ ಅದರಲ್ಲಿ ಹಾಕಿದರೆ ಎಲ್ಲರಿಗೂ ತಿಳಿಯಿತು ಎಂದುಕೊಳ್ಳಬೇಡಿ. ಕೀಪ್ಯಾಡ್ ಫೋನಿನವರಿಗೆ ಕರೆ ಮಾಡಿ, ಫೋನೇ ಇಲ್ಲದವರ ಮನೆಗೆ ಹೋಗಿ ಹೇಳಿ. ಯಾರದಾದರೂ ಆರೋಗ್ಯ ಕೈಕೊಟ್ಟರೆ ಕೆಲಸ ನಿಲ್ಲದಿರಲು ಪ್ರತಿ ಜವಾಬ್ದಾರಿಗೂ ಇಬ್ಬರು ಬೇಕು, ಅವರಲ್ಲೊಬ್ಬರು ಕಿರಿಯರಾದರೆ ಒಳ್ಳೆಯದು.

ಕೆಲಸ ಆದ ಮೇಲೆ ಮತ್ತೆ ಅದೇ ದಾರಿಯಲ್ಲಿ, ಅದೇ ಮಂದಿಯ ಜೊತೆ ನಡೆಯಿರಿ. ಗುತ್ತಿಗೆದಾರ ಹೊಸ ಚಪ್ಪಡಿ ಹಾಕಿ ಎರಡು ಚಪ್ಪಡಿಗಳ ನಡುವೆ ಕೋಲು ಸಿಕ್ಕಿಕೊಳ್ಳುವಷ್ಟು ಸಂದು ಬಿಟ್ಟಿರುತ್ತಾನೆ. ಅದನ್ನು ಬಿಲ್ ಪಾಸಾಗುವ ಮೊದಲೇ ಎಂಜಿನಿಯರ್‌ಗೆ ತೋರಿಸಬೇಕು, ಆಮೇಲೆ ಕೇಳುವವರು ಇರುವುದಿಲ್ಲ.